ಕಂಠ ಕೇಳಿ ಕೋಟು ಹೊಲಿದದ್ದು

ಟೈಲರಣ್ಣ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಯಾರದೋ ಪ್ಯಾಂಟಿನ ಕಾಲಂಚು ಹೊಲಿಯುತ್ತಿದ್ದ. ಕಿಟಕಿಯ ಕಟ್ಟೆಯ ಮೇಲೆ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಹಾಡು ಎಂದರೆ ಎಂಥ ಹಾಡು! ಬಾವಿಯ ತಳದಲ್ಲಿ ಕೂತ ಆನೆಯೊಂದು ಯಾರ ಗೊಡವೆಯೂ ಇಲ್ಲದೆ ತನ್ನಷ್ಟಕ್ಕೆ ತಾನು ಯೋಚನೆ ಮಾಡಿದ ಹಾಗೆ. ಒಂದೊಂದು ಸ್ವರವೂ ಆಳದಿಂದ ನಿಧಾನಕ್ಕೆ ಎದ್ದು ಬಂದು, ಅಂಗಡಿಯೆಲ್ಲ ಒಂದು ಸುತ್ತು ಹಾಕಿ, ತನಗೆ ಒಪ್ಪುವ ಜಾಗ ನೋಡಿಕೊಂಡು ಕೂರುತ್ತಿತ್ತು. ಅದರ ತಾಳಕ್ಕೆ ಸರಿಯಾಗಿ ಟೈಲರಣ್ಣನ ಕಾಲು ಮಷೀನು ತುಳಿಯುತ್ತಿತ್ತು. ಅವನ ಹೊಲಿಗೆ ಸೊಟ್ಟಗಾಗಿದ್ದನ್ನು ಕಂಡವರಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಸಿಕ್ಕಿದ್ದನ್ನು ಕಂಡವರೂ ಇಲ್ಲ.

ಹಾಡುವವರನ್ನು ಅವನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ದೊರೆ’ ಎನ್ನುತ್ತಿದ್ದ. ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪ ತೀರಿಹೋಗಿ, ಅಂಗಡಿ ತಲೆಯ ಮೇಲೆ ಬಿದ್ದು, ಕತ್ತರಿ ಹಿಡಿದರೆ ಕೈ ಗಡಗಡ ನಡುಗುತ್ತಿದ್ದಾಗ ಅವನಿಗೆ ಸಿಕ್ಕಿದ್ದು ಈ ಒಂದು ಕ್ಯಾಸೆಟ್ಟು. ‘ಅವಸರ ಬೇಡ ಕಣೋ’ ಎಂದು ಆ ಕಂಠ ಬೆನ್ನು ಸವರಿದ ಹಾಗಾಗಿ ಕೈಯ ನಡುಕ ನಿಂತಿತು. ಅಂದಿನಿಂದ ದೊರೆ ಹಾಡದೆ ಅವನು ಸೂಜಿಗೆ ದಾರ ಪೋಣಿಸಿದವನಲ್ಲ. ಪಕ್ಕದ ಕ್ಷೌರದಂಗಡಿಯವನಿಗೆ ಗೋಡೆಯ ಮೂಲಕ, ಮಹಡಿಯ ಮೇಲಿನ ನಿವೃತ್ತ ಮೇಷ್ಟ್ರಿಗೆ ನೆಲದ ಮೂಲಕ, ಹೆಂಡತಿಗೆ ಬೇರೆ ದಾರಿಯೇ ಇಲ್ಲದ್ದರಿಂದ, ಎಲ್ಲರಿಗೂ ದೊರೆಯ ಪರಿಚಯವಾಗಿತ್ತು.

“ನಿನ್ನೆ ರೇಡಿಯೋದಲ್ಲಿ ನಿಮ್ಮ ದೊರೆ ಹಾಡಿದ್ರು ಅಣ್ಣ. ಧ್ವನಿ ಯಾಕೋ ಬೇರೆ ಥರ ಇತ್ತಪ್ಪ” ಎಂದು ಕ್ಷೌರದವನು ಬಾಗಿಲಿಗೊರಗಿ ಹೇಳಿದ. ಅಲ್ಲೊಬ್ಬ ಗಿರಾಕಿಯ ಅರ್ಧ ಕೆನ್ನೆಗೆ ಸೋಪು ಹಚ್ಚಿ ಇಲ್ಲಿಗೆ ಬಂದು ನಿಲ್ಲುವುದು ಅವನ ರೂಢಿ.

“ರೇಡಿಯೋ ಮಾತು ಬಿಡು. ಅಷ್ಟು ದೂರ ಗಾಳೀಲಿ ಬಂದ್ರೆ ಯಾರ ಧ್ವನಿ ತೆಳ್ಳಗಾಗಲ್ಲ ಹೇಳು? ನೀನು ನಡ್ಕೊಂಡು ಬಾ, ನೀನೂ ಆಗ್ತೀಯ.”

ಆದರೂ ಅವನ ಮುಖ ಬಾಡಿತ್ತು. ಅವತ್ತು ಸಂಜೆ ಊರಿನ ದೊಡ್ಡ ಸಭಾಂಗಣದಲ್ಲಿ ದೊರೆಯದೇ ಕಾರ್ಯಕ್ರಮ. ಪೋಸ್ಟರ್ ಕಣ್ಣಿಗೆ ಬಿದ್ದು ಟೈಲರಣ್ಣ ಓಡಿಹೋಗುವಷ್ಟರಲ್ಲಿ ಟಿಕೆಟ್ಟೆಲ್ಲ ಮುಗಿದಿತ್ತು. ಜೀವಮಾನದ ಆಸೆ ಊರ ಬಾಗಿಲಿಗೆ ಬಂದು, ಅವನನ್ನು ಕರೆಯದೆ ಹಾಗೇ ಹೋಗುವುದರಲ್ಲಿತ್ತು.

ಆಗಲೇ ಸಭಾಂಗಣದ ಮ್ಯಾನೇಜರು ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲೊಂದು ಕಪ್ಪು ಕೋಟು.

“ಟೈಲರೇ, ಇವತ್ತು ಹಾಡೋವ್ರ ಕೋಟು ಇದು. ಕಾರಿನ ಬಾಗಿಲಿಗೆ ಸಿಕ್ಕಿ ಬಗಲು ಹರಿದಿದೆ. ಬೇರೆ ತಂದಿಲ್ಲ ಅವರು. ಒಂದು ಹೊಲಿಗೆ ಹಾಕ್ಬಿಡಿ, ಅಷ್ಟೇ ಸಾಕು. ಮಾಡಿಕೊಟ್ರೆ ಮೊದಲ ಸಾಲಲ್ಲಿ ನಿಮಗೂ ಮನೆಯವರಿಗೂ ಕುರ್ಚಿ ಹಾಕಿಸ್ತೀನಿ.”

ಟೈಲರಣ್ಣನ ಬಾಯಿಂದ ದಾರ ಜಾರಿ ಬಿತ್ತು. ಅವನ ಬದಲು ಕ್ಷೌರದವನು ಕೇಳಿದ, “ಮನೆಯವರು ಅಂದ್ರೆ ಗೋಡೆಯಾಚೆಯವ್ರೂ ಸೇರಿದ್ರು ತಾನೇ?” ಮಹಡಿ ಮೆಟ್ಟಿಲಿನಿಂದ ಮೇಷ್ಟ್ರು ಕೆಮ್ಮಿದರು. ಮ್ಯಾನೇಜರಿಗೆ ವಾದಿಸಲು ಪುರುಸೊತ್ತಿರಲಿಲ್ಲ. ನಾಲ್ಕು ಕುರ್ಚಿ ಒಪ್ಪಿಕೊಂಡು ಹೋದರು.

ಟೈಲರಣ್ಣ ಮೇಜು ಒರೆಸಿ, ಕೈ ತೊಳೆದು, ಕೋಟನ್ನು ಹರಡಿದ. ಹರಡಿದವನು ಹಾವು ಕಂಡವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ. ಎದೆಗೆ ಟೇಪು ಹಿಡಿದ, ಭುಜಕ್ಕೆ ಹಿಡಿದ, ನಂಬದೆ ಟೇಪನ್ನೇ ತಿರುಗಿಸಿ ನೋಡಿದ.

“ಇದು ದೊರೆ ಕೋಟಲ್ಲ” ಎಂದ. “ದೊರೆ ಮೊಮ್ಮಗನದ್ದಿರಬೇಕು.”

“ಲಾಂಡ್ರಿಯವ್ರು ಬಿಸಿನೀರಿಗೆ ಹಾಕಿದಾರೆ ಅಣ್ಣ” ಎಂದ ಕ್ಷೌರದವನು.

ಮೇಷ್ಟ್ರು ಕೆಳಗಿಳಿದು ಬಂದು ಕನ್ನಡಕ ಏರಿಸಿ ಹರಿದ ಜಾಗ ಪರೀಕ್ಷಿಸಿದರು. “ಕಾರಿನ ಬಾಗಿಲಂತೆ. ದೊಡ್ಡ ಮನುಷ್ಯರು ನಿಜ ಹೇಳ್ಕೊಳ್ತಾರೇನಯ್ಯ? ಒಂದು ಸ್ವರ ಎತ್ತಿದಾರೆ, ಎದೆ ಉಬ್ಬಿದೆ, ಕೋಟು ಸೀಳಿದೆ. ಇವತ್ತು ವೇದಿಕೆ ಮೇಲೆ ಮತ್ತೆ ಸೀಳಿದ್ರೆ ಮಾನ ಹೋಗೋದು ಯಾರದ್ದು? ಅವರದ್ದಲ್ಲ, ನಿಂದು.”

“ಹೇಳಿದಷ್ಟು ಮಾಡಿ ಕೊಟ್ಬಿಡ್ರೀ” ಎಂದು ಹೆಂಡತಿ ಒಳಗಿಂದ ಕೂಗಿದಳು. ಮನೆಯಲ್ಲಿ ಬುದ್ಧಿಮಾತು ಹೇಳುವವಳು ಅವಳೊಬ್ಬಳೇ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಟೈಲರಣ್ಣ ಕಣ್ಣು ಮುಚ್ಚಿ ದೊರೆಯ ಕಂಠವನ್ನು ಇನ್ನೊಮ್ಮೆ ಕೇಳಿದ. ಅಷ್ಟು ಭಾರದ ಧ್ವನಿ ದಾಸ್ತಾನಾಗಬೇಕಾದರೆ ಎದೆ ಕಣಜದಷ್ಟಾದರೂ ಅಗಲ ಬೇಡವೇ? ಎಷ್ಟೋ ಮಂದಿಗೆ ಬಟ್ಟೆ ಹೊಲಿದ ಕೈ, ಧ್ವನಿಯ ಮೇಲೇ ಅಳತೆ ತೆಗೆಯಿತು. ಬಗಲು ಬಿಚ್ಚಿದ, ಬೆನ್ನು ಬಿಚ್ಚಿದ, ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟ. ಅದೂ ಸಾಲದೆ ಎರಡು ಕಡೆಯೂ ಕಪ್ಪು ಪಟ್ಟಿ ಸೇರಿಸಿದ.

“ಆ ಪಟ್ಟಿ ನಾನು ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ಥರಾನೇ ಇದೆಯಲ್ಲಯ್ಯ” ಎಂದರು ಮೇಷ್ಟ್ರು.

“ಕಪ್ಪು ಅಂದ್ಮೇಲೆ ಎಲ್ಲಾ ಒಂದೇ ಥರ ಮೇಷ್ಟ್ರೇ.”

ಮುಗಿಯುವಷ್ಟರಲ್ಲಿ ಮ್ಯಾನೇಜರು ಬಂದು, ಬಿಚ್ಚಿಯೂ ನೋಡದೆ ಕೋಟನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದರು.

ಸಂಜೆ ನಾಲ್ವರೂ ಮೊದಲ ಸಾಲಿನಲ್ಲಿ ಕೂತರು. ಟೈಲರಣ್ಣ ತನ್ನ ಮದುವೆಯ ಅಂಗಿ ತೊಟ್ಟಿದ್ದ. ಗುಂಡಿಗಳು ಪ್ರಾಣ ಬಿಗಿಹಿಡಿದುಕೊಂಡಿದ್ದವು. ಪರದೆ ಸರಿಯಿತು. ಪಕ್ಕದಿಂದ ಒಂದು ಕೋಟು ನಡೆದು ಬಂತು. ಒಳಗೆ ಯಾರೋ ಇರಬಹುದು ಎಂಬ ಗುಮಾನಿ ಬರುವ ಹಾಗೆ ಮೇಲೆ ಒಂದು ಸಣ್ಣ ತಲೆ, ಕೆಳಗೆ ಎರಡು ಸಣ್ಣ ಕಾಲು ಕಾಣಿಸಿದವು.

“ಪಾಪ, ಕೋಟು ತಂದಿಡೋ ಕೆಲಸದವ್ರು” ಎಂದು ಟೈಲರಣ್ಣ ಪಿಸುಗುಟ್ಟಿದ. “ತೊಟ್ಕೊಂಡೇ ಬಂದ್ಬಿಟ್ಟಿದಾರೆ.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಣ್ಣ ತಲೆ ಬಾಗಿ ವಂದಿಸಿತು. ವಂದಿಸುವಾಗ ಇಡೀ ತಲೆ ಕೋಟಿನ ಕತ್ತಿನೊಳಗೆ ಮುಳುಗಿ ಮತ್ತೆ ಮೇಲೆ ಬಂತು. ಆಮೇಲೆ ಆ ಮನುಷ್ಯರು ಹಾಡತೊಡಗಿದರು.

ಅದು ಅವನದೇ ಹಾಡು. ಕ್ಯಾಸೆಟ್ಟಿನ ಮೊದಲನೇ ಹಾಡು, ಅಕ್ಷರ ಅಕ್ಷರವೂ ಅದೇ. ಆದರೆ ಧ್ವನಿ? ರೈಲು ತಪ್ಪಿಹೋಗುವ ಅವಸರದಲ್ಲಿರುವ ಗಿಳಿಯ ಹಾಗೆ ತೆಳ್ಳಗೆ, ಚುರುಕಾಗಿ, ಮೇಲಿಂದ ಮೇಲೆ ಹಾರುತ್ತಿತ್ತು. ಟೈಲರಣ್ಣ ಯಾವಾಗ ಎದ್ದು ನಿಂತನೋ ಅವನಿಗೇ ತಿಳಿಯದು.

“ನಿಲ್ಸಿ” ಎಂದ. “ಇವರು ಅವರಲ್ಲ.”

ಹಾಡು ನಿಂತಿತು. ಸಭೆಯೆಲ್ಲ ತಿರುಗಿ ನೋಡಿತು. ಹೆಂಡತಿ ಅಂಗಿಯ ತುದಿ ಹಿಡಿದು ಜಗ್ಗಿದಳು. ಮದುವೆಯ ಅಂಗಿಯ ಒಂದು ಗುಂಡಿ ಹಾರಿ ವೇದಿಕೆಯ ಮೇಲೆ ಬಿತ್ತು.

“ಹೌದು ಹೌದು, ನಾವೂ ಗೋಡೆಯಾಚೆಯಿಂದ ಎಷ್ಟೋ ವರ್ಷದಿಂದ ಕೇಳಿದೀವಿ” ಎಂದು ಕ್ಷೌರದವನೂ ಎದ್ದ. “ಇವರಲ್ಲ.”

“ಅಸಲಿಯವರನ್ನ ಕರೆಸಿ” ಎಂದರು ಮೇಷ್ಟ್ರು, ಎಂಟನೇ ತರಗತಿಯನ್ನು ಗದರಿಸುವ ಗತ್ತಿನಲ್ಲಿ.

ಹಿಂದಿನ ಸಾಲುಗಳಿಂದ “ಹೊರಗೆ ಹಾಕಿ ಅವರನ್ನ” ಎಂಬ ಕೂಗೆದ್ದಿತು. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು. ಆದರೆ ವೇದಿಕೆಯ ಮೇಲಿದ್ದವರು ಕೋಟಿನ ತೋಳಿನೊಳಗಿಂದ ಕೈ ಹುಡುಕಿ ಹೊರತೆಗೆದು, ತಡೆಯಿರಿ ಎಂದು ಸನ್ನೆ ಮಾಡಿದರು.

“ಯಜಮಾನ್ರೇ, ನಾನು ನಾನಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು? ನನಗೂ ಎಷ್ಟೋ ಸಲ ಅನುಮಾನ ಬಂದಿದೆ, ಅದಕ್ಕೆ ಕೇಳ್ದೆ.”

“ನನ್ನ ಹತ್ರ ಪುರಾವೆ ಇದೆ” ಎಂದ ಟೈಲರಣ್ಣ.

ಪುರಾವೆ ತರಲು ಕ್ಷೌರದವನು ಓಡಿದ. ಅಂಗಡಿ ಎರಡು ಬೀದಿ ಆಚೆಗಿತ್ತು. ಅವನು ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ ಅಪ್ಪಿ ತಂದು ವೇದಿಕೆಯ ಮೇಲಿಟ್ಟ. ಮೈಕಿನವನು ಅದರ ಬಾಯಿಗೆ ಮೈಕು ಹಿಡಿದ. ಟೈಲರಣ್ಣ ಗುಂಡಿ ಒತ್ತಿದ.

ಬಾವಿಯ ತಳದ ಆನೆ ಎದ್ದಿತು. ಸಭಾಂಗಣದ ಕಿಟಕಿಗಾಜುಗಳು ಗುಂಯ್ ಎಂದವು. ಕೂಗುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಗಾಯಕರು ಬಿಟ್ಟ ಕಣ್ಣು ಬಿಟ್ಟ ಹಾಗೇ ವೇದಿಕೆಯ ಅಂಚಿಗೆ ಬಂದು ಕುಸಿದು ಕೂತರು.

“ಯಾರಪ್ಪಾ ಇವರು?” ಎಂದರು. “ನನ್ನ ಹಾಡನ್ನ ನನಗಿಂತ ಚೆನ್ನಾಗಿ ಹಾಡ್ತಿದಾರಲ್ಲ.”

ಮೈಕಿನವನಿಗೆ ಮಾತ್ರ ಸಂಗೀತದ ಹಂಗಿರಲಿಲ್ಲ. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ರೆಕಾರ್ಡರಿನ ಬೆನ್ನು ಬಿಚ್ಚಿದ, ಒಳಗೆ ಬೆರಳಿಟ್ಟ. ಆನೆ ಗಕ್ಕನೆ ನಿಂತಿತು. ಬೆರಳಿನ ತುದಿಯಲ್ಲಿ ಬಿಳಿಚಿದ, ಸೊರಗಿದ ಒಂದು ಪಟ್ಟಿ ನೇತಾಡುತ್ತ ಹೊರಗೆ ಬಂತು.

“ಚಕ್ರ ತಿರುಗಿಸೋ ಬೆಲ್ಟಿನ ಜಾಗದಲ್ಲಿ ಇದೇನ್ ಸರ್ ಹಾಕಿದೀರಿ?”

ಟೈಲರಣ್ಣ ಗಂಟಲು ಸರಿಮಾಡಿಕೊಂಡ. “ತಂದ ವಾರದಲ್ಲೇ ಅದರ ಬೆಲ್ಟು ಹರಿದು ಹೋಗಿತ್ತು. ಆಗ ಅಂಗಡೀಲಿದ್ದದ್ದು ಅದೊಂದೇ. ಅದು… ಹುಡುಗರ ಚಡ್ಡಿ ಎಲಾಸ್ಟಿಕ್ಕು.”

“ಅದಕ್ಕೇ ಮತ್ತೆ. ಜಾರಿ ಜಾರಿ ಓಡ್ತಿದೆ ಇದು. ಕ್ಯಾಸೆಟ್ ನಿಧಾನಕ್ಕೆ ಸುತ್ತಿದ್ರೆ ಇಲಿ ಧ್ವನೀನೂ ಹುಲಿ ಧ್ವನಿ ಆಗುತ್ತೆ.”

ಸಭೆ ನಕ್ಕಿತು ನೋಡಿ. ನಕ್ಕು ನಕ್ಕು ಕುರ್ಚಿಗಳು ಕಿರುಗುಟ್ಟಿದವು. ಟೈಲರಣ್ಣ ಗರ ಬಡಿದವನಂತೆ ನಿಂತಿದ್ದ. ಅಪ್ಪ ಹೋದಾಗ ಬೆನ್ನು ಸವರಿದ್ದು, ಜೀವನವಿಡೀ ಜೊತೆಗಿದ್ದು ಧೈರ್ಯ ಹೇಳಿದ್ದು ಒಂದು ಚಡ್ಡಿಯ ಎಲಾಸ್ಟಿಕ್ಕು. ಪಕ್ಕಕ್ಕೆ ತಿರುಗಿದರೆ ಮೇಷ್ಟ್ರು ಚಾವಣಿ ನೋಡುತ್ತಿದ್ದರು, ಕ್ಷೌರದವನು ತಾನು ಆ ಸಾಲಿನವನೇ ಅಲ್ಲವೆಂಬಂತೆ ದೂರದ ಕುರ್ಚಿಗೆ ಜಾರಿದ್ದ.

ನಗದವರು ಗಾಯಕರೊಬ್ಬರೇ. “ಇಷ್ಟು ವರ್ಷ ಕೇಳಿದೀರಿ, ನನಗೊಂದು ಕಾಗದ ಬರೀಬಾರದಿತ್ತೇ?”

“ಬರೀತಾನೇ ಇದೀನಿ ಸ್ವಾಮಿ. ‘ಪೂಜ್ಯ ದೊರೆಗಳಿಗೆ’ ಅನ್ನೋವರೆಗೆ ಆಗಿದೆ. ಮುಂದಿನ ಸಾಲು ನಿಮ್ಮ ಕಂಠದ ತೂಕಕ್ಕೆ ಸರಿಯಾಗಿ ಬರ್ಲೇ ಇಲ್ಲ.”

ಗಾಯಕರ ಕಣ್ಣು ಒದ್ದೆಯಾಯಿತು. “ಇಂಥವರನ್ನ ನಾನು ಬರಿಗೈಲಿ ಕಳಿಸಲ್ಲ” ಎಂದು ಮೈಕಿನವನ ಕಡೆ ತಿರುಗಿದರು. “ನಿನ್ನ ಪೆಟ್ಟಿಗೇಲಿ ಸರಿಯಾದ ಬೆಲ್ಟು ಇದ್ರೆ ಈಗಲೇ ಹಾಕಪ್ಪ. ಇನ್ಮೇಲಾದ್ರೂ ಅವರು ನನ್ನನ್ನೇ ಕೇಳ್ಲಿ.” ಸಭೆ ಚಪ್ಪಾಳೆ ತಟ್ಟಿತು. ಬೇಡ ಎನ್ನಲು ಟೈಲರಣ್ಣ ಬಾಯಿ ತೆರೆದ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹಾಡು ಮತ್ತೆ ಶುರುವಾಯಿತು. ಗಾಯಕರು ಕೈ ಎತ್ತಿದಾಗಲೆಲ್ಲ ಕೋಟು ಏರಿ ಮುಖ ಮುಚ್ಚಿ, ಹಾಡು ಗೋಣಿಚೀಲದೊಳಗಿಂದ ಬಂದ ಹಾಗಾಗುತ್ತಿತ್ತು. ಟೈಲರಣ್ಣನ ಹೆಂಡತಿಗೆ ಅದನ್ನು ನೋಡಿ ಕೂರಲಾಗಲಿಲ್ಲ. ಎದ್ದು ಹೋಗಿ, ನೆಲದ ಮೇಲೆ ಬಿದ್ದಿದ್ದ ಎಲಾಸ್ಟಿಕ್ ಎತ್ತಿಕೊಂಡು, ಸೆರಗಿನ ಎರಡು ಪಿನ್ನು ಕಿತ್ತು, ಕೋಟಿನ ಬೆನ್ನಿಗೆ ಅದನ್ನು ಹಾಕಿ ನೆರಿಗೆ ಹಿಡಿದು ಬಿಗಿದಳು. ಕೋಟು ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಹಾಡು ಮುಗಿದದ್ದೇ ಗಾಯಕರು ಹಾಗೇ ಕಾರು ಹತ್ತಿ ರೈಲಿಗೆ ಹೋದರು.

ಮಾರನೆಯ ಬೆಳಿಗ್ಗೆ ಟೈಲರಣ್ಣ ಮಷೀನಿಗೆ ಕೂತು, ಅಭ್ಯಾಸ ಬಲದಿಂದ ಗುಂಡಿ ಒತ್ತಿದ. ಗಿಳಿ ಹಾರಿತು. ಅದರ ಹಿಂದೆ ಅವನ ಕಾಲೂ ಓಡಿತು. ತಡೆಯುವಷ್ಟರಲ್ಲಿ ಒಂದು ಅಂಗಿಯ ತೋಳು ಅದರ ಜೇಬಿಗೇ ಹೊಲಿದುಕೊಂಡಿತ್ತು.

ಅವನು ಮೈಯೆಲ್ಲ ಬೆವರಿ ರೆಕಾರ್ಡರ್ ಬಿಚ್ಚಿದ. ಅಂಗಡಿಯಲ್ಲಿದ್ದ ಎಲಾಸ್ಟಿಕ್ಕನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ. ಒಂದಕ್ಕೆ ಕಪ್ಪೆ ಬಂತು, ಒಂದಕ್ಕೆ ಮೇಕೆ ಬಂತು, ಇನ್ನೊಂದಕ್ಕೆ ಬಿಕ್ಕಳಿಕೆ ಬಂತು. ದೊರೆ ಬರಲಿಲ್ಲ.

“ಹೊಸ ಬೆಲ್ಟೇ ಇರ್ಲಿ ಅಣ್ಣ, ಈಗ ಹಾಡು ಅಂದ್ರೆ ಹಾಡು” ಎಂದು ಕ್ಷೌರದವನು ಗೋಡೆಯಾಚೆಯಿಂದ ಕೂಗಿದ. “ಮೊದಲಿಂದು ಕೇಳಿ ಕೇಳಿ ನನ್ನ ಗಿರಾಕಿಗಳು ಕುರ್ಚೀಲೇ ನಿದ್ದೆ ಮಾಡ್ತಿದ್ರು.”

“ನನಗೆ ಆಗಲೇ ಗೊತ್ತಿತ್ತು” ಎಂದರು ಮಹಡಿಯಿಂದ ಮೇಷ್ಟ್ರು. ಯಾವಾಗ ಎಂದು ಯಾರೂ ಕೇಳಲಿಲ್ಲ. ಒಳಗೆ ಹೆಂಡತಿ ಪಾತ್ರೆ ತೊಳೆಯುತ್ತ ಗಿಳಿಯ ಜೊತೆಗೆ ಗುನುಗುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಗುನುಗಿದ್ದನ್ನು ಟೈಲರಣ್ಣ ಕೇಳಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ನಗುನಗುತ್ತ ಬಂದರು. “ಟೈಲರೇ, ಗೆದ್ದುಬಿಟ್ರಿ. ಅವರು ಫೋನ್ ಮಾಡಿದ್ರು. ಆ ಕೋಟು ಹಾಕ್ಕೊಂಡ ಮೇಲೆ ಉಸಿರಾಟ ಸಲೀಸಾಗಿದೆಯಂತೆ. ಬೆನ್ನಿಗೆ ಹಾಕಿರೋದನ್ನ ಗಟ್ಟಿಯಾಗಿ ಹೊಲಿಸಿಬಿಟ್ಟಿದಾರಂತೆ. ಜೀವ ಇರೋವರೆಗೆ ಬೇರೆ ಕೋಟು ಮುಟ್ಟಲ್ಲ ಅಂದ್ರು.”

ಟೈಲರಣ್ಣ ಅಳತೆ ಬರೆಯುವ ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು, ಮೇಜಿನ ಖಾನೆಯಲ್ಲಿ ಮಡಚಿ ಮಡಚಿ ಸವೆದಿದ್ದ ಕಾಗದವನ್ನು ಬಿಡಿಸಿದ. ‘ಪೂಜ್ಯ ದೊರೆಗಳಿಗೆ’ ಎಂಬುದರ ಕೆಳಗೆ, ಇಷ್ಟು ವರ್ಷ ಕೂಡಿಬರದಿದ್ದ ಸಾಲುಗಳು ಒಂದೇ ಉಸಿರಿಗೆ ಬಂದವು:

‘ನಿಮ್ಮ ಕೋಟಿನ ಬೆನ್ನಿನಲ್ಲಿ ಇರುವುದು ನನ್ನ ದೊರೆ. ದಯವಿಟ್ಟು ಹೊಲಿಗೆ ಬಿಚ್ಚಿಸಿ ಅವರನ್ನು ವಾಪಸು ಕಳಿಸಿ. ಬದಲಿಗೆ ಹೊಸ ಎಲಾಸ್ಟಿಕ್ ಇದರಲ್ಲಿ ಇಟ್ಟಿದ್ದೇನೆ, ಒಳ್ಳೆಯ ಮಾಲು. ನಿಮ್ಮ ಹಾಡೂ ಚೆನ್ನಾಗಿತ್ತು.’

ಕೊನೆಯ ಸಾಲನ್ನು ಹೊಡೆದುಹಾಕಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿದ. ಆಮೇಲೆ ದೊಡ್ಡವರ ಮನಸ್ಸು ಯಾಕೆ ನೋಯಿಸಬೇಕೆಂದು ಹಾಗೇ ಬಿಟ್ಟು, ಲಕೋಟೆಗೆ ಎಲಾಸ್ಟಿಕ್ ತುರುಕಿ, ಅಂಟು ಹಚ್ಚಿ, ಮ್ಯಾನೇಜರು ಹೇಳಿದ ವಿಳಾಸ ಬರೆದು, ಬೀದಿಯ ತಿರುವಿನ ಅಂಚೆಡಬ್ಬಿಯವರೆಗೆ ನಡೆದ. ಉಬ್ಬಿದ ಲಕೋಟೆ ಡಬ್ಬಿಯ ಬಾಯಿಗೆ ಸಿಕ್ಕಿಕೊಂಡಿತು. ಹೆಬ್ಬೆರಳಿನಿಂದ ಒಂದು ಸಲ, ಅಂಗೈಯಿಂದ ಒಂದು ಸಲ ಒತ್ತಿದ. ಅದು ಒಳಗೆ ಬಿತ್ತು.