ಎಂದೂ ಗೆಲ್ಲದ ನೀರಣ್ಣನವರ ಸನ್ನಿಧಾನಕ್ಕೆ

ಮಾನ್ಯರೇ,

ಸೈಕಲ್ ಸ್ಪರ್ಧೆಗಳ ಹಿಂದಿನ ಸಾಲುಗಳಲ್ಲಿ ಸದಾ ರಾರಾಜಿಸುವ, ತಂಡದ ನಾಯಕನಿಗೆ ನೀರಿನ ಬಾಟಲಿ ಹೊತ್ತು ತರುವುದನ್ನೇ ವೃತ್ತಿ ಮಾಡಿಕೊಂಡಿರುವ ತಮಗೆ, ಗೆದ್ದವರ ಕಪ್, ಪದಕಗಳ ಮೇಲೆ ಹೆಸರು ಕೆತ್ತಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಸವಿನಯ ವಂದನೆಗಳು. ತಮ್ಮ ನಿಜವಾದ ಹೆಸರನ್ನು ಟಿವಿಯವರು ಒಮ್ಮೆಯೂ ಸರಿಯಾಗಿ ಹೇಳದ ಕಾರಣ, ನನ್ನ ಮಗಳು ಇಟ್ಟ ನೀರಣ್ಣ ಎಂಬ ಹೆಸರಿನಿಂದಲೇ ಸಂಬೋಧಿಸಿದ್ದೇನೆ, ಮನ್ನಿಸಬೇಕು.

ನಮ್ಮ ಮನೆಯಲ್ಲಿ ಸೈಕಲ್ ವೀರರಿಗೆ ಬರವಿಲ್ಲ. ನನಗೆ, ಗೆರೆ ದಾಟುವಾಗ ಎರಡೂ ಕೈ ಮೇಲೆತ್ತುವ ಆ ದಪ್ಪ ತೊಡೆಯ ವೇಗಗಾರನೆಂದರೆ ಪ್ರಾಣ. ಹೆಸರು ಕೆತ್ತುವವನಿಗೆ ಗೆಲ್ಲುವವನಲ್ಲದೆ ಇನ್ಯಾರು ಇಷ್ಟವಾಗಬೇಕು? ನಮ್ಮ ಅತ್ತೆಯವರಿಗೆ, ಬಿದ್ದು ಚಡ್ಡಿ ಹರಿದುಕೊಂಡರೂ ಡಾಕ್ಟರ ಕಾರಿನ ಕಿಟಕಿ ಹಿಡಿದು, ಸೈಕಲ್ ಮೇಲಿಂದಲೇ ಮೊಣಕೈಗೆ ಪಟ್ಟಿ ಕಟ್ಟಿಸಿಕೊಳ್ಳುವ ಬೆಟ್ಟದ ಸವಾರ ಅಚ್ಚುಮೆಚ್ಚು. ನಾನು ಸೊಂಟನೋವೆಂದು ಗೊಣಗಿದಾಗಲೆಲ್ಲ ಅವನನ್ನೇ ಮುಂದೆ ತಂದು ನಿಲ್ಲಿಸುತ್ತಾರೆ. ಇವರಿಬ್ಬರನ್ನೂ ಬಿಟ್ಟು ಮಗಳು ತಮ್ಮನ್ನು ಆರಿಸಿಕೊಂಡಳು. ಗಾಳಿಗೆ ಎದೆಯೊಡ್ಡಿ, ನಾಯಕನನ್ನು ಬೆನ್ನ ಹಿಂದೆ ಕಾಪಾಡಿಕೊಂಡು ಮೈಲಿಗಟ್ಟಲೆ ತುಳಿದು, ಕೊನೆಯ ಏರು ಬಂದಾಗ ಸದ್ದಿಲ್ಲದೆ ಪಕ್ಕಕ್ಕೆ ಸರಿದು, ಎಷ್ಟನೆಯವರಾಗಿ ಬಂದಿರೆಂದು ತಾವೇ ವಿಚಾರಿಸದೆ ಹೋಗುವ ತಮ್ಮ ದೊಡ್ಡತನ ನೋಡಲು ಸೊಗಸೇ. ಅದನ್ನು ಬೇರೆಯವರ ಮಕ್ಕಳಿಗೆ ಕಲಿಸದಿದ್ದರೆ ಇನ್ನೂ ಸೊಗಸಾಗಿರುತ್ತಿತ್ತು.

ಕಳೆದ ಭಾನುವಾರ ಇಲ್ಲಿಯ ಸೈಕಲ್ ಸಂಘದ ಸ್ಪರ್ಧೆ ಇತ್ತು. ಗೆದ್ದವರ ಹೆಸರನ್ನು ಸ್ಥಳದಲ್ಲೇ ಕೆತ್ತಿಕೊಡುವ ಕೆಲಸ ನನ್ನದು. ಅಭ್ಯಾಸದಲ್ಲಿ ಮಗಳನ್ನು ಹಿಂದಿಕ್ಕುವವರು ಯಾರೂ ಇರಲಿಲ್ಲವಾದ್ದರಿಂದ, ನಮ್ಮ ಮನೆಗೂ ಒಂದು ಕಪ್ ಬರಲಿ ಎಂಬ ಬಹಳ ದಿನದ ಆಸೆ ತಡೆಯಲಾರದೆ, ಹಿಂದಿನ ಸಂಜೆಯೇ ಅವಳ ಹೆಸರನ್ನು ಹಿತ್ತಾಳೆಯ ಮೇಲೆ ಕೆತ್ತಿಬಿಟ್ಟೆ. ಸುತ್ತ ಬಳ್ಳಿಯ ಅಂಚನ್ನೂ ಕೊಟ್ಟು, ಬಟ್ಟೆ ಸುತ್ತಿ ಇಟ್ಟೆ.

ಕೊನೆಯ ತಿರುವಿನ ಹತ್ತಿರ ಅವಳ ತಂಡದ ನಾಯಕಿಯ ಮುಂದಿನ ಚಕ್ರ ಪಂಕ್ಚರ್ ಆಯಿತು. ಇಬ್ಬರೂ ಎಲ್ಲರಿಗಿಂತ ಬಹಳ ಮುಂದಿದ್ದರು. ಮಗಳು ಸುಮ್ಮನೆ ತುಳಿದಿದ್ದರೆ ಸಾಕಿತ್ತು. ತಮ್ಮ ಶಿಷ್ಯೆ ಇಳಿದು, ತನ್ನ ಚಕ್ರ ಕಳಚಿ ಅವಳಿಗೆ ಕೊಟ್ಟು, ಬೆನ್ನು ತಳ್ಳಿ ಕಳಿಸಿ, ಒಂಟಿ ಚಕ್ರದ ಸೈಕಲನ್ನು ಹೆಗಲಿಗೇರಿಸಿಕೊಂಡು ನಡೆದೇ ಬಂದಳು. ಬಂದದ್ದು ಎಲ್ಲರಿಗಿಂತ ಕೊನೆಗೆ, ಅದೂ ನಗುನಗುತ್ತ.

ಅಷ್ಟರಲ್ಲಿ ನಾನು ವೇದಿಕೆಯ ಹಿಂದೆ ಕುಳಿತು ಮರಳುಕಾಗದದಿಂದ ಅವಳ ಹೆಸರನ್ನು ಉಜ್ಜುತ್ತಿದ್ದೆ. ಮುಖ್ಯ ಅತಿಥಿಗಳ ಭಾಷಣ ಉದ್ದವಾಗಲೆಂದು ನಾನು ಜೀವನದಲ್ಲಿ ಹಾರೈಸಿದ್ದು ಅದೊಂದೇ ಸಲ. ಮಗಳು ಬಂದು ನೋಡಿದಳು. ನಾಚಿಕೆಯಿಂದ ನಾನು ಇನ್ನೂ ಜೋರಾಗಿ ಉಜ್ಜತೊಡಗಿದೆ. ಅವಳು ಎದುರಿಗೆ ಕೂತು, ಕಪ್ಪನ್ನು ಅಲುಗದಂತೆ ಹಿಡಿದುಕೊಂಡು, "ನಿಧಾನ ಅಪ್ಪ, ಕಲೆ ಉಳಿದ್ರೆ ಅವಳ ಹೆಸರು ಚೆನ್ನಾಗಿ ಕಾಣಲ್ಲ" ಎಂದಳು. ಸ್ವಾಮೀ, ಆ ಗಳಿಗೆಯಲ್ಲಿ ತಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಉಜ್ಜಿದ ಜಾಗದ ಮೇಲ್ಗಡೆ ನಾಯಕಿಯ ಹೆಸರನ್ನು ಕೆತ್ತಿ ಕಳಿಸಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಏನೆಂದರೆ, ಮುಂದಿನ ಸ್ಪರ್ಧೆಯಲ್ಲಿ ತಾವು ದಯವಿಟ್ಟು ಒಮ್ಮೆ ಸ್ವಾರ್ಥಿಯಾಗಬೇಕು. ನಾಯಕ ನೀರು ಕೇಳಿದರೆ ಅವನ ಎದುರಿಗೇ ಬಾಟಲಿ ಪೂರ್ತಿ ಕುಡಿದು ಬಾಯಿ ಒರೆಸಿಕೊಳ್ಳಬೇಕು, ಅದೂ ನೇರ ಪ್ರಸಾರದಲ್ಲಿ, ನನ್ನ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿರುವಾಗ. ಅದು ತಮ್ಮಿಂದ ಆಗದಿದ್ದರೆ, ಗಾಳಿ ಯಾವಾಗಲೂ ಹಿಂದಿನಿಂದಲೇ ಬೀಸುವಂತೆ ಏರ್ಪಾಡು ಮಾಡಿಸಿ, ತಮ್ಮ ವೃತ್ತಿಯ ಅಗತ್ಯವೇ ಇಲ್ಲದಂತೆ ಮಾಡಬೇಕು.

ಇಷ್ಟು ಬರೆಯುವಷ್ಟರಲ್ಲಿ ಗೆದ್ದ ಹುಡುಗಿಯೇ ಅಂಗಡಿಗೆ ಬಂದಳು. ಕಪ್ಪನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ತನ್ನ ಹೆಸರಿನ ಕೆಳಗೆ ಮಾಸಲಾಗಿ ಉಳಿದುಹೋಗಿದ್ದ ಅಕ್ಷರಗಳನ್ನು ತೋರಿಸಿದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಅವಳ ಹೆಸರು ಸರಿಯಾಗಿ ಕಾಣ್ತಿಲ್ಲ ಅಂಕಲ್, ಇನ್ನೊಂದು ಸಲ ಕೆತ್ತಿಕೊಡಿ" ಎಂದಳು. ಕೆತ್ತಿಕೊಟ್ಟೆ. ಕಣ್ಣು ಮಂಜಾಗಿದ್ದರಿಂದ ಬಳ್ಳಿಯ ಅಂಚು ಸ್ವಲ್ಪ ಸೊಟ್ಟಗಾಗಿದೆ. ಅದಕ್ಕೂ ತಾವೇ ಹೊಣೆ.

ಇಷ್ಟೆಲ್ಲ ಮುನಿಸಿದ್ದೂ,
ತಮ್ಮ ವಿಶ್ವಾಸಿಯೇ ಆದ
ಕೆತ್ತನೆಯವನು

ಮರೆತ ಮಾತು: ಅಂಗಡಿಯ ಗಾಜಿನ ಬೀರುವಿನಲ್ಲಿ ಒಂದು ಹಿಡಿ ಮುರಿದ, ಯಾರೂ ಕೊಳ್ಳದ ಕಪ್ ಇದೆ. ತಮ್ಮ ಪೂರ್ತಿ ಹೆಸರು ಬರೆದು ಕಳಿಸಿದರೆ ಕೆತ್ತಿಡುತ್ತೇನೆ. ತಾವು ಗೆಲ್ಲುವವರೆಗೆ ಕಾಯುತ್ತ ಕೂತರೆ ನನ್ನ ಆಯುಸ್ಸು ಸಾಲದು. ಹೇಗೂ ಗೆಲ್ಲುವ ಮೊದಲೇ ಕೆತ್ತಿ ನನಗೆ ಅಭ್ಯಾಸವಿದೆ. ಈ ಸಲ ಅಳಿಸುವುದಿಲ್ಲ.