ಸತ್ತರೂ ಸುಮ್ಮನಿರದ ನಮ್ಮತ್ತೆ

ನನ್ನ ಸೋದರತ್ತೆ ಇದುವರೆಗೆ ಹನ್ನೊಂದು ಸಲ ಸತ್ತಿದ್ದಾಳೆ. ಒಂದು ಸಲವೂ ನೆಟ್ಟಗೆ ಸಾಯಲು ಬಿಡಲಿಲ್ಲ ಎಂಬುದೇ ಅವಳ ಸಿಟ್ಟು!

ಗಾಬರಿಯಾಗಬೇಡಿ. ಅತ್ತೆ ನಟಿ. ಹದಿನಾರಕ್ಕೆ ನಾಟಕ ಕಂಪನಿ ಸೇರಿದವಳು, ಕಂಪನಿ ಮುಚ್ಚಿದ ಮೇಲೆ ಅಜ್ಜಂಪುರಕ್ಕೆ ಬಂದು ಮೂವತ್ತು ವರ್ಷ ಊರವರ ರವಿಕೆ ಹೊಲಿದಳು. ಆಮೇಲೆ ಧಾರಾವಾಹಿಯವರಿಗೆ ಅಜ್ಜಿಯರ ಬರ ಬಿತ್ತು ನೋಡಿ, ಎಪ್ಪತ್ತಕ್ಕೆ ಇವಳ ಅದೃಷ್ಟ ಖುಲಾಯಿಸಿತು. ಈಗ ವಾರದಲ್ಲಿ ಮೂರು ದಿನ ಚಿತ್ರೀಕರಣ, ಎರಡು ದಿನ ನಾಟಕದ ತಾಲೀಮು, ಉಳಿದೆರಡು ದಿನ ನನ್ನನ್ನು ಬಯ್ಯುವುದು. ಯಾಕೆಂದರೆ ಕಾರಿರುವುದು ನನ್ನ ಬಳಿ! ನಾನು ಕಡೂರಿನಲ್ಲಿ ಗಣಿತದ ಟೀಚರು. ಅತ್ತೆಯ ಪಾಲಿಗೆ ಬರೀ ಡ್ರೈವರು.

"ಅತ್ತೆ, ಮಂಡಿಗೆ ಎರಡು ತಿಂಗ್ಳು ರೆಸ್ಟು ಅಂದಿದಾರೆ ಡಾಕ್ಟ್ರು."

"ಅವ್ರಿಗೆ ಕೆಲ್ಸ ಇಲ್ಲ, ಅಂತಾರೆ. ನಂಗೈತೆ. ಗಾಡಿ ತೆಗಿಯೇ!"

ಅವಳ ಹನ್ನೊಂದನೇ ಸಾವು ಕಡೂರಿನ ಹಳೇ ಮನೆಯೊಂದರಲ್ಲಿ ಸಂಭವಿಸಿತು. ಮೂಗಿಗೆ ಹತ್ತಿ, ಕೊರಳಿಗೆ ಹಾರ. ಸೊಸೆಯ ಪಾತ್ರದ ಹುಡುಗಿ ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಂಡು ಬಿಕ್ಕಿದಳು. ಹೆಣ ಕಣ್ಣು ಬಿಟ್ಟಿತು.

"ಅದೇನೇ ಅದು, ಬಿಕ್ಕಳಿಕೆ ಬಂದೋರ ಥರ? ಸತ್ತಿರೋಳು ನಿನ್ನತ್ತೆ ಕಣೇ! ನೀರು ಕುಡಿದ್ರೆ ಹೋಗೋ ಸಂಕ್ಟ ಅಲ್ಲ!"

"ಅಮ್ಮಾ, ನೀವು ಸತ್ತಿದ್ದೀರಿ," ಎಂದು ನಿರ್ದೇಶಕ ಕೈಮುಗಿದ.

"ಸತ್ರೆ ಸುಮ್ನಿರ್ಬೇಕು ಅಂತ ಯಾರಪ್ಪಾ ಹೇಳಿದ್ದು?"

ಅಂದಿನಿಂದ ಆ ಧಾರಾವಾಹಿಯಲ್ಲಿ ಅವಳ ಫೋಟೋ ಮಾತ್ರ ನಟಿಸುತ್ತಿದೆ. ಫೋಟೋಕ್ಕೆ ಹಾಕಿದ ಹಾರ ಬಾಡಿದೆಯೆಂದು ಅದಕ್ಕೂ ಫೋನು ಮಾಡಿ ಜಗಳ!

ಆದರೆ ಮೊನ್ನೆ ತರೀಕೆರೆಯಲ್ಲಿ ನಡೆದದ್ದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಭಾನುವಾರ ಮಧ್ಯಾಹ್ನದ ನಾಟಕ. ಅತ್ತೆಗೆ ರಾಜಮಾತೆಯ ಪಾತ್ರ. ಅದಕ್ಕಾಗಿ ಕುಂಟುತ್ತಲೇ ಮೂರು ತಿಂಗಳು ತಾಲೀಮು ಮಾಡಿದ್ದಳು. ಬಣ್ಣ ಹಚ್ಚಿಕೊಂಡು ಕೂತಿದ್ದಾಗ ನಾಟಕ ಆಡಿಸುವ ಸಂಘದ ಅಧ್ಯಕ್ಷ ಹಲ್ಲು ಕಿರಿಯುತ್ತಾ ಬಂದ.

"ಅಮ್ಮಾ, ನಮ್ಗೆ ಪರದೆ, ಮೈಕು ಕೊಡ್ಸಿರೋರ ಮಗ್ಳು ಇವತ್ತು ರಾಜಮಾತೆ ಪಾರ್ಟು ಮಾಡ್ತಾಳಂತೆ. ಮಾತೆಲ್ಲಾ ಕಲ್ತ್ಕೊಂಡವ್ಳೆ. ನೀವು ಮುಂದ್ಗಡೆ ಕೂತ್ಕಳಿ, ಶಾಲು ಹೊದಿಸ್ತೀವಿ."

"ಕೂರ್ಸಿ ಹೊದ್ಸೋಕೆ ನಾನೇನು ಹೆಣ ಏನೋ?"

ಅತ್ತೆ ಎದ್ದ ರಭಸಕ್ಕೆ ಬಣ್ಣದ ಡಬ್ಬಿಗಳು ಉರುಳಿದವು. ಅವಳು ಬೈದದ್ದನ್ನು ಅಚ್ಚು ಹಾಕಲಾಗದು. ಅವಳು ಬಿಟ್ಟದ್ದನ್ನು ನಾನು ಬೈದೆ. ಸ್ಟಾಫ್ ರೂಮಿನಲ್ಲಿ ನನ್ನನ್ನು ಸಾಧು ಎನ್ನುವವರು ಅವತ್ತು ಕೇಳಬೇಕಿತ್ತು! ಆದರೆ ಅಧ್ಯಕ್ಷ ಜಗ್ಗಬೇಕಲ್ಲ?

"ನಡಿಯೇ ಮನೆಗೆ," ಎಂದಳು ಅತ್ತೆ.

ನಾನು ಕಾರನ್ನು ಬಾಗಿಲಿಗೆ ತಂದು ನಿಲ್ಲಿಸಿದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅತ್ತೆಯ ಸುಳಿವಿಲ್ಲ. ಒಳಗೆ ನಾಟಕವೂ ಶುರುವಾಯಿತು. ಇನ್ನು ಯಾರ ಜೊತೆ ಜಗಳಕ್ಕೆ ನಿಂತಳೋ ಎಂದು ಬುಸುಗುಡುತ್ತಾ ರಂಗದ ಹಿಂದಕ್ಕೆ ನುಗ್ಗಿದೆ.

ಅತ್ತೆ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದಳು. ರಂಗದ ಮೇಲೆ ಆ ಹುಡುಗಿ ಮಾತು ಮರೆತು ನಡುಗುತ್ತಿದ್ದಳು. ಸಭೆಯಿಂದ ಯಾರೋ ಸಿಳ್ಳೆ ಹಾಕಿದರು. ಅತ್ತೆ ಒಂದೊಂದೇ ಮಾತನ್ನು ಮೆಲ್ಲಗೆ ಹೇಳಿಕೊಡುತ್ತಿದ್ದಳು. ಹುಡುಗಿ ಅವಳ ತುಟಿಯನ್ನೇ ನೋಡುತ್ತಾ, ಕೇಳಿಸಿಕೊಂಡಷ್ಟನ್ನು ಒಪ್ಪಿಸುತ್ತಿದ್ದಳು.

"ನಿನ್ ಪಾರ್ಟು ಕಿತ್ಕೊಂಡೋಳಿಗೆ ಹೇಳ್ಕೊಡ್ತಿದೀಯಲ್ಲ ಅತ್ತೆ!"

"ಆಮೇಲೆ ಬೈತೀನಿ ಕಣೇ. ಈಗ ಹೆದ್ರ್ಕೊಂಡೈತೆ ಕೂಸು."

"ಕುರ್ಚಿ ತರ್ತೀನಿ, ಕೂತ್ಕಂಡಾದ್ರೂ ಹೇಳು."

"ಕೂತ್ರೆ ನನ್ ಮುಖ ಕಾಣಲ್ಲ ಅವ್ಳಿಗೆ."

ಅತ್ತೆ ನೋಯುವ ಕಾಲನ್ನು ಊರದೆ ಒಂದೇ ಕಾಲ ಮೇಲೆ ನಿಂತಿದ್ದಳು. ನಾನು ಹಿಂದೆ ನಿಂತು, ಸೊಂಟ ಬಳಸಿ ಅವಳನ್ನು ನನಗೆ ಆನಿಸಿಕೊಂಡೆ. ಅತ್ತೆ ಇಷ್ಟು ಹಗುರವಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಆ ದೃಶ್ಯ ಮುಗಿಯುವವರೆಗೂ ಹಾಗೇ ನಿಂತಿದ್ದೆವು.