ನಾನೂರು ರೊಟ್ಟಿ, ಎರಡು ಸೀಟು

ಹರಿಹರದ ಗ್ಯಾರೇಜಿನ ನುಜತ್‌ಗೆ ನಾನು ಕೊಡಬೇಕಾಗಿದ್ದ ಕೂಲಿ ಒಂಬತ್ತು ಸಾವಿರದ ಆರುನೂರು ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳುವುದು ಬೇಡ. ದಾವಣಗೆರೆಯ ಮಿಲ್ ಕಾರ್ಮಿಕರ ಸಂಘದಲ್ಲಿ ಮೂವತ್ತು ವರ್ಷ ‘ದುಡಿದವರ ಕೂಲಿ ಇವತ್ತೇ ಕೊಡಿ’ ಎಂದು ಕೂಗಿದವನು ನಾನೇ. (ಗಂಟಲು ಇನ್ನೂ ಸರಿಹೋಗಿಲ್ಲ.)

ಎಲ್ಲಕ್ಕೂ ಕಾರಣ ಒಂದು ಕೆಂಪು ಕಾರು. ಇಂಗ್ಲೆಂಡಿನದು, ಅರವತ್ತೆರಡನೆಯ ಇಸವಿಯದು, ಎರಡೇ ಸೀಟು. ಮೇಲೆ ಬಟ್ಟೆಯ ಚಾವಣಿ, ಅದೂ ಇಲಿ ತಿಂದು ಬಿಟ್ಟಷ್ಟು. ನಮ್ಮ ಮಿಲ್ಲಿನ ಧಣಿ ಇದರಲ್ಲೇ ಬರುತ್ತಿದ್ದರು. ಮುಷ್ಕರದ ದಿನ ನಾನು ಗೇಟಿನಲ್ಲಿ ಇದಕ್ಕೆ ಅಡ್ಡ ಮಲಗಿದ್ದೆ. ಮೂರು ಗಂಟೆ ಮಲಗಿ ಇದರ ಹೊಟ್ಟೆಯ ಒಂದೊಂದು ನಟ್ಟನ್ನೂ ನೋಡಿದ್ದೆ. ಆಣೆ ಮಾಡಿ ಹೇಳುತ್ತೇನೆ, ಮನಸ್ಸಾದದ್ದು ಆಗಲೇ. ಮಿಲ್ ಮುಚ್ಚಿತು. ಕೋರ್ಟು ಅಲೆದು ಇಪ್ಪತ್ತಾರು ವರ್ಷಕ್ಕೆ ನನ್ನ ಬಾಕಿ ಕೈಗೆ ಬಂತು. ಅದೇ ವಾರ ಧಣಿಯ ಮೊಮ್ಮಗ ಗೋದಾಮು ಖಾಲಿ ಮಾಡುತ್ತಿದ್ದ. ಇಪ್ಪತ್ತಾರು ವರ್ಷ ಬಡಿದಾಡಿ ಆ ಮನೆತನದಿಂದ ಕಿತ್ತ ದುಡ್ಡನ್ನು ಒಂದೇ ಮಧ್ಯಾಹ್ನ ಆ ಮನೆತನಕ್ಕೇ ಮುಟ್ಟಿಸಿ ಬಂದೆ.

ಕಾರು ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಪ್ರತಿಷ್ಠಾಪನೆಗೊಂಡಿತು. ಅದುವರೆಗೆ ಅಲ್ಲಿ ನನ್ನ ಹೆಂಡತಿ ಕೊಟ್ರವ್ವ, ಪಕ್ಕದ ಓಣಿಯ ಭೀಮವ್ವ, ಇನ್ನೂ ಐದು ಹೆಂಗಸರು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ಏಳೂ ಜನ ಹಿತ್ತಲಿನ ಬಿಸಿಲಿಗೆ ಬಿದ್ದರು.

“ಅಣ್ಣಾರೆ, ಇದಕ್ಕೇ ಅಲ್ಲೇನ್ರಿ ಲಾಕೌಟ್ ಅನ್ನೋದು?” ಭೀಮವ್ವ ಕೇಳಿದಳು.

ನಾನು ಟೈರು ಪರೀಕ್ಷಿಸುವವನಂತೆ ಬಗ್ಗಿದೆ.

ಇನ್ನು ನುಜತ್. ತಂದೆಯ ಗ್ಯಾರೇಜನ್ನು ಒಬ್ಬಳೇ ನಡೆಸುವ ಹೆಣ್ಣುಮಗಳು. ಈ ಕಾರಿನ ನಟ್ಟಿಗೆ ಕೂಡುವ ಇಂಚಿನ ಸ್ಪ್ಯಾನರುಗಳು ನಾನು ವಿಚಾರಿಸಿದ ಮಟ್ಟಿಗೆ ಇದ್ದದ್ದು ಅವಳ ತಂದೆಯ ಪೆಟ್ಟಿಗೆಯಲ್ಲಿ ಮಾತ್ರ. ನಾಲ್ಕು ತಿಂಗಳು ಹೆಣಗಿ ಎಂಜಿನ್ನಿಗೆ ಜೀವ ಕೊಟ್ಟಳು. ಹೊರಡುವಾಗ ಗ್ರೀಸು ಮೆತ್ತಿದ ಬೆರಳೆತ್ತಿ ಹೇಳಿದಳು:

“ಚಾಚಾ, ಬ್ಯಾರೆ ಗಾಡ್ಯಾಗ ಬ್ಯಾಟರಿ ಮೈನಸ್ಸು ಬಾಡಿ ತಗಡಿಗೆ ಕೊಟ್ಟಿರ್ತಾರೆ. ಇದರಾಗ ಪ್ಲಸ್ಸು ತಗಡಿಗೆ ಐತೆ. ಪೂರಾ ಉಲ್ಟಾ. ನನ್ನ ಕೇಳ್ದೆ ಒಂದು ವೈರೂ ಮುಟ್ಟಬ್ಯಾಡ್ರಿ. ಮತ್ತೆ... ನನ್ನ ಕೂಲಿ?”

“ಮುಂದಿನ ವಾರ ನೋಡಾಣ ತಾಯಿ,” ಎಂದೆ. (ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಧಣಿಯ ಬಾಯಲ್ಲಿ.)

ಮುಂದಿನ ವಾರ ಬಂದದ್ದು ಕೊಟ್ರವ್ವನ ನೋಟಿಸು.

“ಏನ್ರೀ ಲೀಡರ್ರೆ, ಶುಕ್ರವಾರ ಹನ್ನೆರಡಕ್ಕೆ ಹರಿಹರದಾಗ ಮದುವೆ ಊಟ. ನಾನೂರು ರೊಟ್ಟಿ ಮುಟ್ಟಬೇಕು. ತಪ್ಪಿದ್ರೆ ಆ ಅಡುಗೆಯೋರು ನಮ್ಮನ್ನ ಮತ್ತೆ ಕರೆಯಂಗಿಲ್ಲ. ನಿಮ್ಮ ಕಾರಿನಾಗೇ ಒಯ್ರಿ. ಮುಟ್ಟಿದ್ರೆ ಪೋರ್ಟಿಕೋ ಕಾರಿಗೆ. ಇಲ್ಲಾಂದ್ರೆ ರೊಟ್ಟಿಗೆ.”

“ಹದಿನಾಲ್ಕು ಕಿಲೋಮೀಟರಿಗೆ ಇಷ್ಟು ದೊಡ್ಡ ಮಾತಾ?” ಎಂದು ನಕ್ಕೆ.

ಶುಕ್ರವಾರ ಹನ್ನೊಂದಕ್ಕೆ ಹೊರಟೆವು. ಸೀಟಿನ ಹಿಂದೆ ರೊಟ್ಟಿ, ಕಾಲ ಬುಡದಲ್ಲಿ ರೊಟ್ಟಿ, ಕೊಟ್ರವ್ವನ ತೊಡೆಯ ಮೇಲೆ ಬುಟ್ಟಿ ತುಂಬ ರೊಟ್ಟಿ. ಬಾನೆಟ್ಟಿನ ಮೇಲೆ ನನ್ನ ಮುಷ್ಕರದ ಕಾಲದ ಹಾರ್ನ್ ಮೈಕು. ಧಣಿಯ ಕಾರಿನಿಂದಲೇ ಒಂದು ಸಲ ಕಾರ್ಮಿಕರಿಗೆ ಜೈಕಾರ ಹಾಕದಿದ್ದರೆ ಅದನ್ನು ಕೊಂಡಾದರೂ ಏನು ಬಂತು? ಮೂವತ್ತು ವರ್ಷ ಜೀಪುಗಳಿಗೆ ಮೈಕು ಕಟ್ಟಿದ ಕೈ. ಜೀಪಿನಲ್ಲಿ ಮಾಡಿದಂತೆಯೇ ಕಣ್ಣು ಮುಚ್ಚಿಕೊಂಡು ಕಪ್ಪು ಮೈನಸ್ ವೈರನ್ನು ಕಾರಿನ ತಗಡಿಗೆ ಸಿಕ್ಕಿಸಿದ್ದೆ.

ಹನ್ನೊಂದೂ ಹತ್ತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರುತ್ತಿತ್ತು.

“ಏನೋ ವಾಸನೆ ಬರ್ತೈತೆ.”

“ಹಳೇ ಕಾರು ಹಂಗೇ.”

“ರೊಟ್ಟಿಗೂ ಹತ್ತತೈತೆ. ಮೆಲ್ಲಕ ಹೋಗ್ರಿ.”

“ಮೆಲ್ಲಕ ಹೋದ್ರೆ ನಿಂತುಬಿಡ್ತತೆ!”

ಹನ್ನೊಂದೂ ಇಪ್ಪತ್ತೈದು. ಬಾತಿ ದಾಟುತ್ತಿದ್ದಂತೆ ಧೈರ್ಯ ಬಂತು, ಇನ್ನೇನು ಅರ್ಧ ದಾರಿ. ಕೈಮೈಕು ಬಾಯಿಗೆ ಹಿಡಿದು ಸ್ವಿಚ್ಚು ಒತ್ತಿದೆ. ಜೈಕಾರದ ಬದಲು ಹೊಗೆ ಬಂತು. ಮೊದಲು ಮೈಕಿನ ಆಂಪ್ಲಿಫೈಯರಿನಿಂದ, ಆಮೇಲೆ ನನ್ನ ಮೊಣಕಾಲಿನ ಮುಂದಿನ ವೈರುಗಳಿಂದ. ಎಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಕೊಟ್ರವ್ವ ಮೊದಲು ರೊಟ್ಟಿ ಇಳಿಸಿದಳು, ಆಮೇಲೆ ತಾನಿಳಿದಳು. ನನ್ನ ಸರದಿ ಬರಲೇ ಇಲ್ಲ. ಬ್ಯಾಟರಿಯ ವೈರನ್ನು ನಾನೇ ಕಿತ್ತು, ಬೆರಳು ಸುಟ್ಟುಕೊಂಡೆ.

ಹನ್ನೊಂದೂವರೆ. ಬಸ್ಸು ಬಂತು, ನಿಲ್ಲಲಿಲ್ಲ. ಟ್ರ್ಯಾಕ್ಟರಿನವನು ನಿಂತು, ನಕ್ಕು, ಹೋದ. ರಸ್ತೆಯ ಪಕ್ಕ ನಾನೂರು ರೊಟ್ಟಿ. ಏಳು ಹೆಂಗಸರು ವರ್ಷಗಟ್ಟಲೆ ಗಳಿಸಿದ ಹೆಸರು ಅದರ ಮೇಲೆ ನಿಂತಿತ್ತು.

ಹಿಂದೆ ಲಗೇಜ್ ಆಟೋ ಬಂದು ನಿಂತಿತು. ಓಡಿಸುತ್ತಿದ್ದವಳು ನುಜತ್. ಪಕ್ಕದಲ್ಲಿ ಭೀಮವ್ವ.

“ಬಡಾವಣೆಯಿಂದ ಹಿಂದೇ ಬರ್ರಿ ಅಂತ ನಾನೇ ಹೇಳಿದ್ದೆ,” ಎಂದಳು ಕೊಟ್ರವ್ವ. “ನಿಮ್ಮ ಮ್ಯಾಲೆ ನಂಬಿಕೆ ಐತೆ. ರೊಟ್ಟಿ ಬ್ಯಾರೆ ವಿಷಯ.”

ನಾಲ್ಕು ನಿಮಿಷದಲ್ಲಿ ರೊಟ್ಟಿ ಆಟೋ ಸೇರಿದವು. ನಾನೂ ಹತ್ತಲು ಕಾಲೆತ್ತಿದೆ. ನುಜತ್ ಸ್ಪ್ಯಾನರು ಅಡ್ಡ ಹಿಡಿದಳು.

“ಚಾಚಾ, ಮೊದ್ಲು ಮಾತುಕತೆ.”

ಮಾತುಕತೆ ಒಂದು ನಿಮಿಷದ್ದು. ಪೋರ್ಟಿಕೋ ರೊಟ್ಟಿಗೆ. ಕಾರು ನುಜತ್ ಗ್ಯಾರೇಜಿಗೆ. ದುಡ್ಡಿಲ್ಲದ ನಾನು ಅವಳ ಕೈಕೆಳಗೆ ದಿನಕ್ಕೆ ನಾನೂರರಂತೆ ಇಪ್ಪತ್ತನಾಲ್ಕು ದಿನ ದುಡಿದು ಬಾಕಿ ತೀರಿಸುವುದು. ಎಷ್ಟೋ ಒಪ್ಪಂದ ಬರೆಸಿದ ನಾನು ರೊಟ್ಟಿ ಸುತ್ತಿದ ಕಾಗದದ ಮೇಲೆ ಸಹಿ ಹಾಕಿದೆ. ರೊಟ್ಟಿ ಹನ್ನೆರಡಕ್ಕೆ ಐದು ನಿಮಿಷ ಮೊದಲೇ ಮುಟ್ಟಿದವಂತೆ. ಕಾರು ಕಾಯಲು ನಾನು ಬಾತಿಯಲ್ಲೇ ಉಳಿದೆ.

ಇವತ್ತು ಒಂಬತ್ತನೆಯ ದಿನ. ಅದೇ ಕಾರಿನ ಕೆಳಗೆ ಮಲಗಿ, ಅದೇ ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೇನೆ. ಮಧ್ಯಾಹ್ನದ ವಿರಾಮ ಅರ್ಧ ಗಂಟೆ. ಒಂದು ಗಂಟೆ ಕೇಳಿದರೆ “ಮುಂದಿನ ವಾರ ನೋಡಾಣ ಚಾಚಾ,” ಎನ್ನುತ್ತಾಳೆ. ಮುಷ್ಕರ ಹೂಡೋಣವೆಂದರೆ ಸಂಘ ನೋಂದಾಯಿಸಲು ಏಳು ಸಹಿ ಬೇಕು. ಕೊಟ್ರವ್ವನನ್ನು ಕೇಳಿದೆ. ಅವರು ಏಳೂ ಜನ ಹೋದ ವಾರವೇ ತಮ್ಮದೊಂದು ಸಂಘ ನೋಂದಾಯಿಸಿದ್ದಾರೆ. ಧಣಿ ಕಡೆಯವರಿಗೆ ಸದಸ್ಯತ್ವ ಇಲ್ಲವಂತೆ.

ಹಾಗಾಗಿ ಇಷ್ಟು ಹೊತ್ತು ಕೂತು ನಕ್ಕವರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ನನ್ನದು ಒಂದಿದೆ, ಇನ್ನು ಆರು ಸಹಿ ಬೇಕು. ಹಾಕುತ್ತೀರೋ ಇಲ್ಲವೋ? ಮುಂದಿನ ವಾರ ಅನ್ನಬೇಡಿ.